‘ಇಲ್ಲಿ ನೋಡಿ’ ಅನ್ನದೆ ತೆಗೆದ ಮದುವೆಗಳು

(ಮಡಿಕೇರಿಯಲ್ಲಿ ಒಂದು ಭಾನುವಾರ, ಫೋಟೋಗ್ರಫಿ ಕಲಿಯುತ್ತಿರುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಲವತ್ತು ಫೋಟೋ ತೋರಿಸೋಣ ಅಂತ ಲ್ಯಾಪ್‌ಟಾಪಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಕರೆಂಟ್ ಹೋಗಿದೆ. ಜುಲೈ ತಿಂಗಳ ಮಡಿಕೇರಿಯಲ್ಲಿ ಇದು ಸುದ್ದಿಯೇ ಅಲ್ಲ. ಜನರೇಟರ್ ಬರುತ್ತೆ ಅಂತ ಹೇಳಿದ್ದಾರೆ. ನನಗೆ ನಂಬಿಕೆಯಿಲ್ಲ. ಹಾಗಾಗಿ ಫೋಟೋಗಳನ್ನು ಬಾಯಲ್ಲೇ ಹೇಳುತ್ತೇನೆ, ನೀವು ಕಣ್ಣು ಮುಚ್ಚಿಕೊಂಡು ನೋಡಿಕೊಳ್ಳಿ.

ಮೊದಲನೆಯದು ನಾನು ತೆಗೆಯದೇ ಹೋದ ಫೋಟೋ. ವಿರಾಜಪೇಟೆ ಕಡೆಯ ಒಂದು ಕೊಡವ ಮದುವೆ. ಮದುಮಗ ಬಿಳಿ ಕುಪ್ಯ, ಅಂದರೆ ಕೊಡವರ ಉದ್ದ ನಿಲುವಂಗಿ, ಹಾಕಿಕೊಂಡು ಮುಕ್ಕಾಲಿಯ ಮೇಲೆ ಕೂತಿದ್ದಾನೆ. ಕೊಡವರ ಮದುವೆಯಲ್ಲಿ ಪುರೋಹಿತರಿಲ್ಲ, ಹೋಮವಿಲ್ಲ, ನಿಮಗೆ ಗೊತ್ತಿರುವುದೇ. ಹಿರಿಯರು ಒಬ್ಬೊಬ್ಬರಾಗಿ ಬಂದು ಮೊಣಕಾಲು, ಭುಜ, ತಲೆಗೆ ಅಕ್ಕಿ ಹಾಕುತ್ತಾರೆ. ಕಿಂಡಿಯಿಂದ, ಅಂದರೆ ಮೂತಿಯಿರುವ ಚಿಕ್ಕ ಚೊಂಬಿನಿಂದ, ಒಂದು ಗುಟುಕು ಹಾಲು ಕುಡಿಸುತ್ತಾರೆ. ಕೈಗೆ ದುಡ್ಡು ಇಡುತ್ತಾರೆ. ಮದುವೆ ಅಂದರೆ ಅಷ್ಟೇ, ಆದರೆ ಆ ಅಷ್ಟರಲ್ಲಿ ಎಲ್ಲವೂ ಇದೆ. ಮದುಮಗನ ಅಜ್ಜಿ ಬಂದರು. ಎಂಬತ್ತು ದಾಟಿದ ಕೈ, ನಡುಗುತ್ತಿತ್ತು. ಕಿಂಡಿ ಹಿಡಿದರು, ಹಾಲು ಅವನ ಗಲ್ಲದ ಮೇಲೆ ಚೆಲ್ಲಿತು. ತಕ್ಷಣ ಸೆರಗಿನಿಂದ ಒರೆಸಿದರು, ಮೂರು ವರ್ಷದ ಮಗುವಿಗೆ ಒರೆಸುವ ಹಾಗೆ. ಅವನು ಕಣ್ಣು ಮುಚ್ಚಿಕೊಂಡ.

ನಾನು ಆಗ ಏನು ಮಾಡುತ್ತಿದ್ದೆ? ಫ್ಲಾಶ್ ಸರಿ ಮಾಡುತ್ತಿದ್ದೆ. ತಲೆ ಎತ್ತಿ, ‘ಅಜ್ಜಿ, ಇನ್ನೊಂದು ಸಲ ಮಾಡಿ, ಇಲ್ಲಿ ನೋಡಿ’ ಅಂದೆ. ಅಜ್ಜಿ ನನ್ನನ್ನು ನೋಡಿದರು. ‘ಆಶೀರ್ವಾದ ಎರಡು ಸಲ ಮಾಡೋದಕ್ಕೆ ಆಗುತ್ತಾ ಮಗಾ?’ ಅಂತ ಕೇಳಿ ಕೆಳಗಿಳಿದು ಹೋದರು. ಅವರಿಗೆ ಕೋಪ ಬಂದಿರಲಿಲ್ಲ. ನಿಜವಾಗಿ ಕೇಳಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಮದುವೆಗಳಲ್ಲಿ ‘ಇಲ್ಲಿ ನೋಡಿ’ ಅನ್ನುವುದನ್ನು ಬಿಡಲು ಪ್ರಯತ್ನ ಪಟ್ಟೆ. ಬೀಡಿ ಬಿಟ್ಟ ಹಾಗೆ, ಒಂದೇ ದಿನದಲ್ಲಿ ಆಗಲಿಲ್ಲ.

ನಮ್ಮ ಅಪ್ಪನದು ಸ್ಟುಡಿಯೋ. ಹಿಂದೆ ಬಣ್ಣ ಬಳಿದ ಪರದೆ, ಅದರಲ್ಲೊಂದು ಜಲಪಾತ. ಅಸಲಿ ಜಲಪಾತ ಮೂರು ಮೈಲಿ ದೂರದಲ್ಲಿದ್ದರೂ ಜನ ಪರದೆಯ ಜಲಪಾತದ ಮುಂದೆಯೇ ನಿಲ್ಲುತ್ತಿದ್ದರು, ಅದು ಒದ್ದೆ ಮಾಡುವುದಿಲ್ಲ ಅಲ್ವಾ. ಒಂದು ರೋಲಿಗೆ 36 ಫೋಟೋ. ಒಂದು ಮದುವೆಗೆ ನಾಲ್ಕು ರೋಲ್ ಕೊಟ್ಟರೆ ಅದು ದೊಡ್ಡ ಮದುವೆ. ದುಡ್ಡು ವೇಸ್ಟ್ ಆಗಬಾರದು, ಅದಕ್ಕೇ ಒಂದು ಪಟ್ಟಿ. ಧಾರೆ, ತಾಳಿ, ಅತ್ತೆ ಮಾವ, ಸೋದರಮಾವ, ಆಫೀಸಿನವರು. ಎಲ್ಲರೂ ನೆಟ್ಟಗೆ, ಎಲ್ಲರ ಕಣ್ಣೂ ಕ್ಯಾಮೆರಾ ಕಡೆ. ಆ ಪಟ್ಟಿಯನ್ನು ನಾನು ಹೀಗಳೆಯುವುದಿಲ್ಲ. 36ರಲ್ಲಿ ಒಂದು ಕೆಟ್ಟರೆ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ. ಈಗ ಕಾರ್ಡಿನಲ್ಲಿ ಎರಡು ಸಾವಿರ ಫೋಟೋ ಹಿಡಿಸುತ್ತದೆ. ಆದರೂ ಅದೇ ಪಟ್ಟಿ ಹಿಡಿದುಕೊಂಡು ಓಡುತ್ತೇವೆ. ಅದು ವಿಚಿತ್ರ.

ರೋಲ್ ವಿಷಯ ಬಂತು, ಒಂದು ಮಾತು. ಹೊಸ ರೋಲ್ ಹಾಕಿದಾಗ ಮೊದಲ ಎರಡು ಮೂರು ಫ್ರೇಮ್ ಸುಮ್ನೆ ಒತ್ತಿ ಮುಂದೆ ಓಡಿಸುತ್ತಿದ್ದೆವು. ಕ್ಯಾಮೆರಾ ಎತ್ತ ತಿರುಗಿದೆಯೋ ಅತ್ತ. ಬೆಳಕು ತಾಗಿ ಅರ್ಧ ಸುಟ್ಟಿರುತ್ತಿತ್ತು, ಪ್ರಿಂಟ್ ಹಾಕುತ್ತಿರಲಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿಯಿತಲ್ಲ, ಆಮೇಲೆ ಒಬ್ಬ ಹೆಂಗಸು ನಮ್ಮ ಸ್ಟುಡಿಯೋ ಹುಡುಕಿಕೊಂಡು ಬಂದರು. ಮನೆ ಹೋಗಿತ್ತು, ಮದುವೆಯ ಆಲ್ಬಮ್ಮೂ ಹೋಗಿತ್ತು. ಅಪ್ಪ ನೆಗೆಟಿವ್‌ಗಳನ್ನು ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿದ್ದರು. ಸಿಕ್ಕಿತು. ಲೈಟ್ ಪೆಟ್ಟಿಗೆಯ ಮೇಲೆ ಹಾಕಿ ತೋರಿಸಿದೆ. ವೇದಿಕೆಯ ಫೋಟೋಗಳನ್ನು ಬೇಗ ಬೇಗ ದಾಟಿಸಿದರು. ಒಂದು ಕಡೆ ಬೆರಳು ನಿಲ್ಲಿಸಿದರು. ಆ ಸುಟ್ಟ ಫ್ರೇಮ್. ಅದರಲ್ಲಿ ಅವರ ಅಮ್ಮ ಹಿತ್ತಲ ಬಾಗಿಲಿಗೆ ಒರಗಿ ಕೂತು ಯಾರಿಗೋ ಬೈಯುತ್ತಿದ್ದಾರೆ, ಕೈಯಲ್ಲಿ ಒಂದು ಬಾಳೆಲೆ. ಅಮ್ಮ ತೀರಿಕೊಂಡು ಆಗಲೇ ಆರು ವರ್ಷ. ‘ಇದನ್ನು ದೊಡ್ಡದು ಮಾಡಿಕೊಡಿ’ ಅಂದರು. ಆ ಮದುವೆಯಲ್ಲಿ ಯಾರೂ ‘ಇಲ್ಲಿ ನೋಡಿ’ ಅನ್ನದೆ ತೆಗೆದ ಫೋಟೋ ಅದೊಂದೇ. ಅದನ್ನೂ ಯಾರೂ ತೆಗೆದಿರಲಿಲ್ಲ, ತಾನಾಗಿ ಬಿದ್ದಿತ್ತು.

ಈಗ ಚಿಕ್ಕ ಮದುವೆಗಳ ವಿಷಯ.

2020ರಲ್ಲಿ ಕೊರೋನಾ ಬಂದಾಗ ಮದುವೆಗೆ 50 ಜನ ಮಾತ್ರ ಅಂತ ಸರ್ಕಾರ ಹೇಳಿತು. ನಮಗೆಲ್ಲ ಹೊಟ್ಟೆಗೆ ಏನು ಅನ್ನುವ ಭಯ. ಆದರೆ ಕೆಲವರಿಗೆ ಅದು ಇಷ್ಟವಾಗಿಬಿಟ್ಟಿತು. ಕೊರೋನಾ ಹೋದ ಮೇಲೂ ‘ನಮಗೆ ಇಪ್ಪತ್ತೈದೇ ಜನ ಸಾಕು’ ಅಂತ ಬರುವವರು ಇದ್ದಾರೆ. ಇದೇನೋ ಬೆಂಗಳೂರಿನ ಹೊಸ ಫ್ಯಾಷನ್ ಅಂತ ಅನ್ನಬೇಡಿ. 1966ರಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯ, ಅಂದರೆ ಆಡಂಬರವಿಲ್ಲದ ಸರಳ ವಿವಾಹ, ಮಾಡಿ ಮುಗಿಸಿದ್ದರು. ಕನ್ನಡದವರಿಗೆ ಚಿಕ್ಕ ಮದುವೆ ಹೊಸದಲ್ಲ. ಅದರ ಫೋಟೋ ಹೇಗೆ ತೆಗೆಯಬೇಕು ಅನ್ನುವುದು ಮಾತ್ರ ನಮಗೆ ಹೊಸದು.

ಯಾಕೆಂದರೆ ಸಾವಿರ ಜನರ ಮದುವೆಯಲ್ಲಿ ಫೋಟೋಗ್ರಾಫರ್ ಬಚ್ಚಿಟ್ಟುಕೊಳ್ಳಬಹುದು. ಇಪ್ಪತ್ತು ಜನರಲ್ಲಿ ಆಗುವುದಿಲ್ಲ. ಬಹಳ ಜನ ಉಲ್ಟಾ ತಿಳಿದುಕೊಂಡಿರುತ್ತಾರೆ. ಚಿಕ್ಕ ಮದುವೆ, ಆರಾಮ ಅಂತ. ಕೋಣೆಯಲ್ಲಿ ಇಪ್ಪತ್ತು ಜನ, ಇಪ್ಪತ್ತೊಂದನೆಯವನು ಕೈಯಲ್ಲಿ ಕಪ್ಪು ಪೆಟ್ಟಿಗೆ ಹಿಡಿದು ಮೂಲೆಯಲ್ಲಿ ನಿಂತಿದ್ದರೆ ಎಲ್ಲರಿಗೂ ಅವನೇ ಕಾಣುತ್ತಾನೆ. ಅದಕ್ಕೆ ನಾನು ಹಿಂದಿನ ದಿನವೇ ಹೋಗುತ್ತೇನೆ. ಕ್ಯಾಮೆರಾ ಚೀಲದಲ್ಲೇ ಇರುತ್ತದೆ. ಕಾಫಿ ಕುಡಿಯುತ್ತೇನೆ, ಈರುಳ್ಳಿ ಹೆಚ್ಚಿದ್ದೂ ಉಂಟು. ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಪಲ್ಯಕ್ಕೆ, ಎಷ್ಟು ಈರುಳ್ಳಿ ಬೇಕು ಅಂತ ಹೆಚ್ಚಿದವನಿಗೇ ಗೊತ್ತು. ಸಂಜೆ ಹೊತ್ತಿಗೆ ಮನೆಯ ಮಕ್ಕಳಿಗೆ ನನ್ನ ಹೆಸರು ಗೊತ್ತಿರುತ್ತದೆ, ನಾಯಿ ಬೊಗಳುವುದು ನಿಲ್ಲಿಸಿರುತ್ತದೆ. ಮಾರನೆಯ ದಿನ ಕ್ಯಾಮೆರಾ ಎತ್ತಿದರೆ ಯಾರೂ ಸೆಟೆದುಕೊಳ್ಳುವುದಿಲ್ಲ.

ಸಾಮಾನು ಜಾಸ್ತಿ ಬೇಡ. ಎರಡು ಕ್ಯಾಮೆರಾ ಬಾಡಿ, 35 ಎಂ.ಎಂ. ಲೆನ್ಸ್ ಒಂದು, 85 ಎಂ.ಎಂ. ಲೆನ್ಸ್ ಒಂದು. ಮಿರರ್‌ಲೆಸ್ ಕ್ಯಾಮೆರಾ ಇದ್ದರೆ ಸದ್ದಿಲ್ಲದ ಷಟರ್ ಇರುತ್ತದೆ, ಚಿಕ್ಕ ಕೋಣೆಯಲ್ಲಿ ಅದು ವರ. ಆದರೆ ಎಲ್‌ಇಡಿ ಬೆಳಕಿನಲ್ಲಿ ಹುಷಾರು. ನಮ್ಮ ಕರೆಂಟು 50 ಹರ್ಟ್ಸ್, ಕೆಲವು ದೀಪಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಸದ್ದಿಲ್ಲದ ಷಟರಿನಲ್ಲಿ ಫೋಟೋ ಮೇಲೆ ಪಟ್ಟೆ ಪಟ್ಟೆ ಬರುತ್ತದೆ. ಷಟರನ್ನು ಸೆಕೆಂಡಿನ 1/50 ಅಥವಾ 1/100ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ನಾನು ಇದನ್ನು ಒಂದು ಇಡೀ ಮದುವೆ ಹಾಳು ಮಾಡಿಕೊಂಡು ಕಲಿತೆ, ನೀವು ಪುಕ್ಕಟೆ ಕಲಿಯಿರಿ.

ಅಮೆರಿಕದಲ್ಲಿ ಡೆನಿಸ್ ರೆಗ್ಗಿ ಅಂತ ಒಬ್ಬ ಮದುವೆ ಫೋಟೋಗ್ರಾಫರ್. ನಿಲ್ಲಿಸಿ ತೆಗೆಯುವುದಕ್ಕಿಂತ ನಡೆಯುವುದನ್ನು ತೆಗೆಯಬೇಕು ಅಂತ ಹೇಳುತ್ತಾ ಬಂದವರು. 1996ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಕೆನಡಿಯವರ ಮಗ ಜಾನ್, ಕ್ಯಾರೊಲಿನ್ ಬೆಸೆಟ್ ಅವರನ್ನು ಗುಟ್ಟಾಗಿ ಮದುವೆಯಾದರು. ಕಂಬರ್‌ಲ್ಯಾಂಡ್ ಅನ್ನುವ ದ್ವೀಪ, ಮರದ ಪುಟ್ಟ ಚರ್ಚು, ಸುಮಾರು ನಲವತ್ತು ಜನ. ಆ ಮದುವೆಯಿಂದ ಪ್ರಪಂಚಕ್ಕೆ ಹೆಚ್ಚಾಗಿ ಗೊತ್ತಿರುವುದು ರೆಗ್ಗಿ ತೆಗೆದ ಒಂದು ಫೋಟೋ. ಚರ್ಚಿನ ಬಾಗಿಲಿಂದ ಹೊರಗೆ ಬರುತ್ತಾ ಗಂಡು ಹೆಣ್ಣಿನ ಕೈ ಎತ್ತಿ ಮುತ್ತು ಕೊಡುತ್ತಾನೆ. ಅಷ್ಟೇ. ಅಂಥ ದೊಡ್ಡ ಮನೆತನದ ಮದುವೆಯಲ್ಲೂ ಉಳಿದದ್ದು ಒಂದು ಹೆಜ್ಜೆಯ ನಡುವಿನ ಗಳಿಗೆ.

ನಮ್ಮಲ್ಲಿ ಅಂಥ ಗಳಿಗೆ ಎಲ್ಲಿ ಸಿಗುತ್ತದೆ? ನನಗೆ ಹೆಚ್ಚು ಸಿಕ್ಕಿರುವುದು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ. ನಗಬೇಡಿ. ರಿಜಿಸ್ಟರ್ ಮದುವೆಗೆ ಫೋಟೋಗ್ರಾಫರ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. 1954ರ ವಿಶೇಷ ವಿವಾಹ ಕಾಯ್ದೆ ಓದಿ ನೋಡಿ. ಮೂವತ್ತು ದಿನದ ನೋಟಿಸು, ಮೂವರು ಸಾಕ್ಷಿಗಳು, ಅದು ಎಲ್ಲರಿಗೂ ಗೊತ್ತು. ಆದರೆ ಹನ್ನೆರಡನೆಯ ಸೆಕ್ಷನ್ನಿನಲ್ಲಿ ಒಂದು ಚೆಂದದ ಸಂಗತಿ ಇದೆ. ಮದುವೆ ಯಾವ ರೀತಿಯಲ್ಲಾದರೂ ಆಗಬಹುದು. ಆದರೆ ಇಬ್ಬರೂ ಅಧಿಕಾರಿ ಮತ್ತು ಸಾಕ್ಷಿಗಳ ಮುಂದೆ ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳಲೇಬೇಕು, ನಿನ್ನನ್ನು ನನ್ನ ಹೆಂಡತಿಯಾಗಿ, ಗಂಡನಾಗಿ ಒಪ್ಪಿಕೊಳ್ಳುತ್ತೇನೆ ಅಂತ. ಇಬ್ಬರಿಗೂ ಅರ್ಥವಾಗುವ ಯಾವ ಭಾಷೆಯಲ್ಲಾದರೂ ಸರಿ.

ಆ ಒಂದು ವಾಕ್ಯ ಹೇಳುವಾಗ ಮುಖ ನೋಡಬೇಕು. ಹಿಂದೆ ಕಡತಗಳ ರಾಶಿ, ಗೋಡೆಯಲ್ಲಿ ಕ್ಯಾಲೆಂಡರು, ಫ್ಯಾನು ಕಿರ್ ಅನ್ನುತ್ತಿರುತ್ತದೆ. ಒಂದು ಮದುವೆಯಲ್ಲಿ ಹುಡುಗಿ ಕನ್ನಡದಲ್ಲಿ ಹೇಳಿದಳು. ಹುಡುಗನಿಗೆ ಕನ್ನಡ ಅರ್ಧ ಬರುತ್ತಿತ್ತು, ಮಲಯಾಳಿ. ಅವನೂ ಕನ್ನಡದಲ್ಲೇ ಹೇಳುತ್ತೇನೆ ಅಂತ ಹಠ ಹಿಡಿದು, ‘ಒಪ್ಪಿಕೊಳ್ಳುತ್ತೇನೆ’ ಅನ್ನುವಲ್ಲಿ ಎರಡು ಸಲ ತಡವರಿಸಿದ. ಗುಮಾಸ್ತೆ ಮೆಲ್ಲಗೆ ಹೇಳಿಕೊಟ್ಟರು. ನನ್ನ ಫೋಟೋದಲ್ಲಿ ಇರುವುದು ಆ ಗುಮಾಸ್ತೆಯ ಮುಖ, ತುಟಿ ಅರ್ಧ ತೆರೆದಿದೆ. ಮುಂದೆ ಮಸುಕಾಗಿ ಇಬ್ಬರ ಭುಜ. ಜೋಡಿಗೆ ಅದೇ ಬಹಳ ಇಷ್ಟ.

ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತಿದೆ. ಹೆಚ್ಚಿನ ಶುಲ್ಕ ಕಟ್ಟಿದರೆ ಆಫೀಸಿನಿಂದ ತೀರಾ ದೂರವಲ್ಲದ ಬೇರೆ ಜಾಗದಲ್ಲೂ ಅಧಿಕಾರಿಯ ಎದುರು ಮದುವೆ ಆಗಬಹುದು. ಅಂದರೆ ಕಾಫಿ ತೋಟದ ಕಣದಲ್ಲೂ. ಜೋಡಿಗಳು ಬಂದು ಕೇಳಿದರೆ ಇದನ್ನು ಹೇಳಿ. ಫೋಟೋಗ್ರಾಫರಿಗೆ ಕಾನೂನು ಗೊತ್ತಿದ್ದರೆ ಒಳ್ಳೆಯ ಬೆಳಕು ಸಿಗುತ್ತದೆ.

ಹಾಗಂತ ಸಂಪ್ರದಾಯದ ಮದುವೆಯಲ್ಲಿ ಹೊಸ ಥರ ತೆಗೆಯಲು ಆಗುವುದಿಲ್ಲ ಅಂತಲ್ಲ. ಕೊಡವರ ಗಂಗಾಪೂಜೆ ತೆಗೆದುಕೊಳ್ಳಿ. ಮದುಮಗಳು ಬಾವಿಯ ಹತ್ತಿರ ಪೂಜೆ ಮಾಡಿ ನೀರಿನ ಕೊಡ ಹೊತ್ತು ಬರುತ್ತಾಳೆ. ಗಂಡಿನ ಕಡೆಯವರು ವಾಲಗಕ್ಕೆ ಕುಣಿಯುತ್ತಾ ದಾರಿ ಅಡ್ಡ ಹಾಕುತ್ತಾರೆ. ಒಂದು ಹೆಜ್ಜೆ ಬಿಡುತ್ತಾರೆ, ಮತ್ತೆ ನಿಲ್ಲಿಸುತ್ತಾರೆ. ಗಂಟೆಗಟ್ಟಲೆ. ಎಲ್ಲರೂ ಕುಣಿಯುವವರ ಫೋಟೋ ತೆಗೆಯುತ್ತಾರೆ. ಕೈ ಮೇಲೆ, ಬಾಯಿ ತೆರೆದು, ಫ್ಲಾಶ್ ಬಡಿದು ಎಲ್ಲ ಹೆಪ್ಪುಗಟ್ಟಿದ ಹಾಗೆ. ನೀವು ಒಮ್ಮೆ ಫ್ಲಾಶ್ ಆರಿಸಿ. ಷಟರ್ 1/8ಕ್ಕೆ ಇಳಿಸಿ, ಮೊಣಕೈಗಳನ್ನು ಎದೆಗೆ ಒತ್ತಿ ಹಿಡಿದು, ಉಸಿರು ಬಿಟ್ಟು, ಒತ್ತಿ. ಅಲ್ಲಿ ಅಲುಗಾಡದೆ ನಿಂತಿರುವವಳು ಅವಳೊಬ್ಬಳೇ, ತಲೆ ಮೇಲೆ ನೀರಿದೆಯಲ್ಲ. ಅವಳು ಸ್ಪಷ್ಟವಾಗಿ ಬರುತ್ತಾಳೆ. ಸುತ್ತ ಕಪ್ಪು ಕುಪ್ಯಗಳು, ಸೊಂಟಕ್ಕೆ ಕಟ್ಟಿದ ಕೆಂಪು ಚೇಲೆಗಳು ಹೊಳೆಯ ಹಾಗೆ ಹರಿಯುತ್ತವೆ. ಹತ್ತರಲ್ಲಿ ಎಂಟು ಕೆಡುತ್ತದೆ. ಕೆಡಲಿ, ಅಪ್ಪನ ಹಾಗೆ ಊಟ ಬಿಡಬೇಡಿ. ಒಂದು ಸೂಚನೆ, ಕೆಂಪು ರೇಷ್ಮೆಯನ್ನು ಕ್ಯಾಮೆರಾ ಸರಿಯಾಗಿ ಹಿಡಿಯುವುದಿಲ್ಲ. ಕೆಂಪು ಚಾನೆಲ್ ಬೇಗ ತುಂಬಿ, ಸೀರೆಯ ಮಡಿಕೆಗಳೆಲ್ಲ ಅಳಿಸಿ ಬರೀ ಕೆಂಪು ಮುದ್ದೆ ಉಳಿಯುತ್ತದೆ. ಬೆಳಕನ್ನು ಅರ್ಧದಿಂದ ಮುಕ್ಕಾಲು ಸ್ಟಾಪ್ ಕಮ್ಮಿ ಮಾಡಿ ತೆಗೆಯಿರಿ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ, ಇಲ್ಲ ದುಪ್ಪಟ್ಟು).

ಈಗ ಜೋಡಿ ಫೋಟೋ. ಪ್ರಿ ವೆಡ್ಡಿಂಗ್. ಈ ಪದ ಕೇಳಿದರೆ ನನಗೆ ಸ್ವಲ್ಪ ಸುಸ್ತಾಗುತ್ತದೆ. ಮಾಂದಲಪಟ್ಟಿ ಬೆಟ್ಟದಲ್ಲಿ ಜೀಪಿನ ಬಾನೆಟ್ ಮೇಲೆ ಹುಡುಗಿ, ಉದ್ದ ಬಾಲದ ಬಾಡಿಗೆ ಗೌನು, ಹಿಂದೆ ಅದೇ ಗೌನಿಗೆ ಕಾಯುತ್ತಿರುವ ಇನ್ನೆರಡು ಜೋಡಿ. ರಾಜಾಸೀಟಿನಲ್ಲಿ ಸೂರ್ಯನನ್ನು ಬೆರಳಲ್ಲಿ ಹಿಡಿದ ಹುಡುಗ. ಸೂರ್ಯನಿಗೂ ಬೇಜಾರಾಗಿರಬೇಕು.

ನಾನು ಬರುವವರಿಗೆ ಒಂದೇ ಪ್ರಶ್ನೆ ಕೇಳುತ್ತೇನೆ. ಭಾನುವಾರ ನೀವಿಬ್ಬರೂ ಏನು ಮಾಡುತ್ತೀರಿ? ಒಂದು ಜೋಡಿ ‘ಜಗಳ’ ಅಂದರು, ಸ್ಕೂಟರ್ ಯಾರು ಓಡಿಸಬೇಕು ಅಂತ. ಸರಿ, ಸ್ಕೂಟರ್ ತನ್ನಿ ಅಂದೆ. ನಾಪೋಕ್ಲು ರಸ್ತೆಯಲ್ಲಿ ಅವರು ಜಗಳವಾಡಿದರು, ನಾನು ತೆಗೆದೆ. ಮಳೆ ಬಂತು. ಒಂದೇ ರೇನ್‌ಕೋಟು. ಆಮೇಲಿನ ಇಪ್ಪತ್ತು ನಿಮಿಷ ನಾನು ಬಾಯಿ ಬಿಡಲಿಲ್ಲ. ಇನ್ನೊಂದು ಜೋಡಿ ತೋಟದವರೇ. ಅವರಿಗೆ ಕಾಫಿ ಕುಯ್ಲಿನ ಜನವರಿಯಲ್ಲಿ ಬಿಡುವೇ ಇಲ್ಲ, ಫೋಟೋಗೆ ನಿಲ್ಲುವುದಕ್ಕೂ ಇಲ್ಲ. ಕಣದಲ್ಲಿ ಹಣ್ಣು ಹರಡುತ್ತಿದ್ದ ಹಾಗೇ ತೆಗೆದೆ. ಮನುಷ್ಯನ ಕೈಗೆ ಕೆಲಸ ಕೊಟ್ಟರೆ ಮುಖ ತಾನಾಗಿ ಸರಿಯಾಗುತ್ತದೆ. ಕೈ ಖಾಲಿ ಇದ್ದರೆ ಎಲ್ಲಿ ಇಡುವುದು ಅಂತಲೇ ಅರ್ಧ ದಿನ ಹೋಗುತ್ತದೆ.

ಕಾಫಿ ಹೂವಿನಲ್ಲಿ ಫೋಟೋ ಬೇಕು ಅಂತ ಕೇಳುವವರು ಬಹಳ. ಮಾರ್ಚ್ 20ಕ್ಕೆ ಬುಕ್ ಮಾಡಬಹುದಾ ಅಂತ ಡಿಸೆಂಬರಿನಲ್ಲೇ ಫೋನು. ಹೂವಿಗೆ ನಿಮ್ಮ ಕ್ಯಾಲೆಂಡರು ಗೊತ್ತಿಲ್ಲ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬೀಳಬೇಕು, ಇಲ್ಲ ತೋಟದವರು ಸ್ಪ್ರಿಂಕ್ಲರ್ ಹಾಕಬೇಕು. ಆಮೇಲೆ ಒಂದು ವಾರ, ಹತ್ತು ದಿನಕ್ಕೆ ಅರಳುತ್ತದೆ. ಮೂರು ನಾಲ್ಕು ದಿನ ಬೆಳ್ಳಗೆ, ಮಲ್ಲಿಗೆಯಂಥ ವಾಸನೆ. ಆಮೇಲೆ ಕಂದು. ಮಳೆ ಬಿದ್ದ ದಿನ ನಾನು ಫೋನ್ ಮಾಡುತ್ತೇನೆ, ರಜೆ ಹಾಕಿ ಬರುವುದಾದರೆ ಬನ್ನಿ ಅನ್ನುತ್ತೇನೆ. ಬರುವವರು ಬರುತ್ತಾರೆ. ತೋಟದೊಳಗೆ ಕೇಳದೆ ನುಗ್ಗಬೇಡಿ. ರೋಬಸ್ಟಾ ಕಾಫಿಗೆ ಬೇರೆ ಗಿಡದ ಪರಾಗ ಬೇಕು, ಗಾಳಿ ಮತ್ತು ಜೇನು ಅದನ್ನು ಮಾಡುತ್ತವೆ. ಆ ನಾಲ್ಕು ದಿನದಲ್ಲಿ ನಿಮ್ಮ ಗೌನು ಕೊಂಬೆ ಅಲುಗಿಸಿ ಹೂ ಉದುರಿಸಿದರೆ ತೋಟದ ಯಜಮಾನರಿಗೆ ಅದು ವರ್ಷದ ಫಸಲು.

ನೆರಳಿನ ಮರಗಳ ಕೆಳಗೆ ಬೆಳಕು ಮೆತ್ತಗಿರುತ್ತದೆ, ಚೆನ್ನಾಗಿರುತ್ತದೆ. ಆದರೆ ಎಲೆಯ ಮೇಲಿಂದ ಬಂದ ಬೆಳಕು ಹಸಿರು. ಮುಖಗಳು ಕಾಮಾಲೆಗೂ ಪಾಚಿಗೂ ನಡುವಿನ ಒಂದು ಬಣ್ಣಕ್ಕೆ ತಿರುಗುತ್ತವೆ. ಬಿಳಿ ಪಂಚೆಯೋ ಬಿಳಿ ಛತ್ರಿಯೋ ಹತ್ತಿರ ಹಿಡಿದರೆ ಅರ್ಧ ಕಳೆಯುತ್ತದೆ. ಮಂಜಿನಲ್ಲಿ ಇನ್ನೊಂದು ಪಾಡು. ಕ್ಯಾಮೆರಾದ ಮೀಟರು ಎಲ್ಲವನ್ನೂ ಬೂದು ಮಾಡಲು ನೋಡುತ್ತದೆ, ಮಂಜು ಬೂದಿಯಾಗುತ್ತದೆ. ಒಂದು ಸ್ಟಾಪ್ ಹೆಚ್ಚು ಕೊಡಿ.

ಜಾಗ ಅಂದರೆ ನಾಲ್ಕುನಾಡು ಅರಮನೆ ನನಗೆ ಇಷ್ಟ. ಕಕ್ಕಬ್ಬೆಯ ಹತ್ತಿರ, 1,748 ಮೀಟರಿನ ತಡಿಯಂಡಮೋಳ್ ಬೆಟ್ಟದ ಬುಡ. ಅರಮನೆಯ ಮುಂದೆ ಒಂದು ಪುಟ್ಟ ಮಂಟಪ ಇದೆ. 1796ರಲ್ಲಿ ದೊಡ್ಡ ವೀರರಾಜೇಂದ್ರ ಮಹದೇವಮ್ಮಾಜಿಯನ್ನು ಮದುವೆಯಾದದ್ದು ಅಲ್ಲಿ. ಒಬ್ಬ ರಾಜನಿಗೆ ಅಷ್ಟು ಚಿಕ್ಕ ಮಂಟಪ ಸಾಕಾಯಿತು. ಜೋಡಿಗಳನ್ನು ಅಲ್ಲಿ ನಿಲ್ಲಿಸಿ ತೆಗೆಯಲು ನಾನು ಹೋಗುವುದಿಲ್ಲ, ಸುಮ್ನೆ ತೋರಿಸಲು ಕರೆದುಕೊಂಡು ಹೋಗುತ್ತೇನೆ. ನೋಡಿದ ಮೇಲೆ ಇಬ್ಬರು ತಮ್ಮ ಅತಿಥಿಗಳ ಪಟ್ಟಿಯಿಂದ ಎಪ್ಪತ್ತು ಹೆಸರು ಹೊಡೆದು ಹಾಕಿದರು. ಅಡುಗೆಯವರು ನನ್ನ ಮೇಲೆ ಈಗಲೂ ಸಿಟ್ಟಾಗಿದ್ದಾರೆ.

ಒಂದು ಗಂಭೀರ ಮಾತು. ಚಿಕ್ಕ ಮದುವೆ ಎಲ್ಲವೂ ಇಷ್ಟಪಟ್ಟು ಚಿಕ್ಕದಾದದ್ದಲ್ಲ. ಕೆಲವು ಮದುವೆಗೆ ಅಪ್ಪ ಅಮ್ಮ ಬಂದಿರುವುದಿಲ್ಲ. ಜಾತಿ, ಧರ್ಮ, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಮದುವೆಯ ಫೋಟೋ ನಿಮ್ಮ ಇನ್‌ಸ್ಟಾಗ್ರಾಂ ಸಾಮಾನಲ್ಲ. ನಾನು ತೆಗೆದ ಒಳ್ಳೆಯ ಫೋಟೋಗಳಲ್ಲಿ ಹತ್ತು ಹನ್ನೆರಡನ್ನು ಯಾರೂ ನೋಡಿಲ್ಲ, ಇವತ್ತು ಕರೆಂಟ್ ಇದ್ದಿದ್ದರೂ ನೀವು ನೋಡುತ್ತಿರಲಿಲ್ಲ. ಒಂದರಲ್ಲಿ ಬರೀ ಎರಡು ಜೊತೆ ಚಪ್ಪಲಿ ಇದೆ, ಬಾಗಿಲ ಹೊರಗೆ. ಸಾಕ್ಷಿಗಳ ಮೂರು ಜೊತೆ ಸ್ವಲ್ಪ ದೂರದಲ್ಲಿ. ಅವರು ಕೇಳಿದ್ದು ಅಷ್ಟೇ, ಮುಖ ಬೇಡ, ಆದರೆ ನಾವು ಅವತ್ತು ಅಲ್ಲಿದ್ದೆವು ಅಂತ ಗೊತ್ತಾಗಬೇಕು.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು, ಜಿಗಣೆಗೆ ಏನು ಮಾಡುತ್ತೀರಿ? ಉಪ್ಪಿನ ಗಂಟು. ಸೀರೆ ಉಟ್ಟವರಿಗೆ ಮೊದಲೇ ಹೇಳಿಬಿಡಿ. ಮದುಮಗಳ ಕಾಲಿನಿಂದ ಮದುಮಗ ಜಿಗಣೆ ತೆಗೆಯುತ್ತಿರುವ ಫೋಟೋ ನನ್ನ ಹತ್ತಿರ ಇದೆ. ಬಾಡಿಗೆ ಗೌನಿನ ನೂರು ಫೋಟೋಗೆ ಅದನ್ನು ಕೊಡುವುದಿಲ್ಲ.

ಇನ್ನೊಬ್ಬರದು, ಗ್ರೂಪ್ ಫೋಟೋ ತೆಗೆಯುವುದೇ ಇಲ್ವಾ? ತೆಗೆಯುತ್ತೇನೆ, ಹತ್ತು ನಿಮಿಷ. ಐನ್‌ಮನೆ, ಅಂದರೆ ಕೊಡವ ಕುಟುಂಬದ ಮೂಲಮನೆಯಾದರೆ, ಜಗಲಿಯ ಕಂಬಗಳ ನಡುವಿನ ಹಲಗೆ, ಐಮರದ ಮೇಲೆ ನೀವು ದಿನಾ ಕೂರುವ ಜಾಗದಲ್ಲೇ ಕೂರಿ ಅನ್ನುತ್ತೇನೆ. ಯಾರು ಯಾರ ಪಕ್ಕ ಕೂರುತ್ತಾರೆ ಅನ್ನುವುದೇ ಆ ಮನೆಯ ಕಥೆ.

ಹಿಂದಿನ ಸಾಲಿನ ಹುಡುಗಿ ಕೇಳಿದಳು, ಹೀಗೆ ತೆಗೆದದ್ದಕ್ಕೆ ಯಾರೂ ಬೈದಿಲ್ವಾ ಅಂತ.

ಬೈದಿದ್ದಾರೆ. ಸೋಮವಾರಪೇಟೆ ಕಡೆಯ ಒಂದು ಮದುವೆ, ಮೂವತ್ತು ಜನ, ಬಿಡದ ಮಳೆ. ಮೂರು ವಾರ ಆದ ಮೇಲೆ ಹುಡುಗಿಯ ಅಪ್ಪ ಫೋನ್ ಮಾಡಿದರು. ‘ನಾನೂ ಮಗಳೂ ನಿಂತಿರುವ ಫೋಟೋ ಎಲ್ಲಿ?’ ಒಂದಿದೆ ಅಲ್ವಾ ಅಂದೆ. ಅವರು ಮಗಳಿಗೆ ಛತ್ರಿ ಹಿಡಿದಿದ್ದಾರೆ, ಛತ್ರಿ ಪೂರ್ತಿ ಅವಳ ಕಡೆ, ಅವರ ಎಡ ಭುಜ ತೊಯ್ದು ಅಂಗಿ ಮೈಗೆ ಅಂಟಿದೆ, ಮುಖ ಛತ್ರಿಯ ಅಂಚಿನಲ್ಲಿ ಅರ್ಧ ಮುಚ್ಚಿದೆ. ನನ್ನ ಪ್ರಕಾರ ಆ ಮದುವೆಯ ಒಳ್ಳೆಯ ಫೋಟೋ ಅದೇ. ‘ಅದರಲ್ಲಿ ನನ್ನ ಮುಖ ಎಲ್ಲಿದೆ?’ ಅಂದರು. ನಾನು ಬೆಳಕು, ಭಾವ ಅಂತ ಏನೋ ಶುರು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ‘ಮಗಳು ಮುಂದಿನ ತಿಂಗಳು ಜರ್ಮನಿಗೆ ಹೋಗುತ್ತಾಳೆ. ಗೋಡೆಗೆ ಹಾಕಲು ಒಂದು ಫೋಟೋ ಬೇಕು’ ಅಂದರು.

ಮುಂದಿನ ಶನಿವಾರ ಹೋದೆ. ಕಾಫಿ ಕೊಟ್ಟರು. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಯಾರಾಗಿದ್ದರು. ಮಗಳು ಅದೇ ಮದುವೆ ಸೀರೆ ಉಟ್ಟಿದ್ದಳು. ಹೊಸ್ತಿಲ ಮುಂದೆ ಇಬ್ಬರೂ ನೆಟ್ಟಗೆ ನಿಂತರು, ಕೈಗಳು ಪಕ್ಕಕ್ಕೆ, ಅಪ್ಪನ ಸ್ಟುಡಿಯೋದಲ್ಲಿ ನಿಲ್ಲುತ್ತಿದ್ದ ಹಾಗೆ. ನಾನು ಕ್ಯಾಮೆರಾ ಎತ್ತಿದೆ.

‘ಇಲ್ಲಿ ನೋಡಿ’ ಅಂದೆ.

ನೋಡಿದರು. ಮಗಳು ಕಣ್ಣು ಮುಚ್ಚಿಬಿಟ್ಟಳು. ಇನ್ನೊಂದು ತೆಗೆದೆ.